ಉಳಿದ ಪುಟ

ಕಡತ ಮುಗಿದದ್ದು ಸಾವಿರದ ಮುನ್ನೂರನೆಯ ಬೈಟಿಗೆ.
ಪುಟ ಮುಗಿಯುವುದು ನಾಲ್ಕು ಸಾವಿರದ ತೊಂಬತ್ತಾರಕ್ಕೆ.
ನಡುವಿನ ಬಯಲು ಯಾರದು?

ಯಾರದೂ ಅಲ್ಲ. ಅದಕ್ಕೇ ಅಲ್ಲಿ ಸೊನ್ನೆ ತುಂಬಬೇಕು,
ಒಂದೂ ಬಿಡದೆ, ಒಂದೂ ಮೀರದೆ.
ಈಚೆಗೆ ಒಂದು ಸರಿದರೆ ಬರೆದದ್ದು ಅಳಿಯಿತು,
ಆಚೆಗೆ ಒಂದು ತಪ್ಪಿದರೆ ಹಳೆಯದು ಇಣುಕಿತು.
ಇದಿಷ್ಟೇ ನನ್ನ ಕಸುಬು:
ಒರೆಸಿದ್ದನ್ನು ಒರೆಗೆ ಹಚ್ಚುವುದು.

ತೀನ್ ಕಂದಿಲ್ ಹತ್ತಿರ ಮಹಡಿಯ ಕೋಣೆ.
ಮೇ ತಿಂಗಳು. ಗೋಡೆ ಮುಟ್ಟಿದರೆ ರೊಟ್ಟಿ ಹೆಂಚು.
ಮೂರು ಹಳೆಯ ಯಂತ್ರಗಳಿಗೆ ಒಂದು ಫ್ಯಾನು,
ನನಗೆ ಒದ್ದೆ ಟವೆಲ್ಲು.
ಶಕ್ತಿನಗರದ ಚಿಮಣಿ ನಾಡಿಗೆಲ್ಲ ಕರೆಂಟು ಕಳಿಸುತ್ತದೆ,
ನಮ್ಮ ಓಣಿಗೆ ಬರುವಾಗ ಅದಕ್ಕೆ ಸುಸ್ತು.
ಇರಲಿ. ಕರೆಂಟು ಹೋಗುವುದೂ ಒಂದು ಪರೀಕ್ಷೆ,
ಪುಕ್ಕಟೆಯದು.

ಪುಟವನ್ನು ಮೆಮೊರಿಯಲ್ಲಿ ಹಾಸುತ್ತೇನೆ.
ಕಡತದ ಬೇಲಿ ದಾಟಿ ಬೇಕೆಂದೇ ಕಸ ಎರಚುತ್ತೇನೆ:
ಎಕ್ಸ್ ಎಕ್ಸ್ ಎಕ್ಸ್ ಎಕ್ಸ್.
ಆಮೇಲೆ ಏನೂ ಅರಿಯದವಳಂತೆ
ಕಡತವನ್ನು ಉದ್ದಕ್ಕೆ ಎಳೆಯುತ್ತೇನೆ.
ಹೊಸದಾಗಿ ಸೇರಿದ ನೆಲದಲ್ಲಿ ಕಾಣಬೇಕಾದ್ದು
ಸೊನ್ನೆ, ಬರೇ ಸೊನ್ನೆ.
ಒಂದು ಕೈ ಡಿಸ್ಕಿಗೆ ಬರೆಯುತ್ತಿರುವಾಗಲೇ
ಇನ್ನೊಂದು ಕೈ ಬಾಲ ಕತ್ತರಿಸಲಿ ಎಂದು
ಎರಡಕ್ಕೂ ಜಗಳ ಹಚ್ಚುತ್ತೇನೆ.
ಪಾಸು. ಪಾಸು. ಪಾಸು.

ಪಾಸಾದದ್ದನ್ನು ನಂಬಬಾರದೆಂದು ಕಲಿತದ್ದು ಹತ್ತನೇ ಕ್ಲಾಸಿನಲ್ಲಿ.
ಅಂಕಪಟ್ಟಿಯಲ್ಲಿ ನನ್ನ ಹೆಸರು ಹಪಮ್ಮ.
ಹಂಪಮ್ಮನ ಸೊನ್ನೆ ಎಲ್ಲಿ ಬಿತ್ತೋ!
ಹೆಡ್ ಮಾಸ್ತರು ನಕ್ಕರು,
'ಒಂದು ಸೊನ್ನಿ ಹೋದರ ಏನು ಹೋತವ್ವಾ?'
ಆ ಒಂದಕ್ಕೆ ನೋಟರಿಗೆ ಇನ್ನೂರು,
ಕಲಬುರಗಿಗೆ ಮೂರು ಸಲ ಬಸ್ಸು.

ಕೆಳಗಿನ ಮನೆ ಜಂಬುನಾಥ ಮುನೀಮರದು.
ರಾಜೇಂದ್ರ ಗಂಜಿನ ಹತ್ತಿ ಅಡತಿಯಲ್ಲಿ
ನಲವತ್ತೊಂದು ವರ್ಷ ಖಾತೆ ಬರೆದವರು.
ಮೊಸರು ತಂದವರು ಪರದೆ ನೋಡಿ ಕೇಳಿದರು,
'ಇಷ್ಟು ಸೊನ್ನಿ ಯಾಕ ಎಣಸ್ತಿ, ಯಾರ ಸಾಲ ಇದು?'
ಹೇಳಿದೆ, ನನ್ನ ಕನ್ನಡಕ್ಕೆ ಎಟುಕಿದಷ್ಟು.
ಗಂಜಿನಲ್ಲಿ ಇದನ್ನೇ ಕಂಡವರಂತೆ ತಲೆಯಾಡಿಸಿದರು.

'ಜಮಾ ಬರದ ಮ್ಯಾಲ ಹಾಳಿ ಉಳೀತದಲ್ಲ,
ಅದರ ಮ್ಯಾಲ ಓರೆ ಗೆರಿ ಎಳೀಬೇಕು.
ಒಮ್ಮೆ ಬಿಟ್ಟೆ. ಮರುದಿನ ನೋಡಿದರ
ಮೊತ್ತದ ಕೆಳಗ ಎರಡು ಕ್ವಿಂಟಲ್ ಹತ್ತಿ ಕುಂತಿತ್ತು,
ನನ್ನ ಅಕ್ಷರದಂಗ, ನನ್ನ ಅಕ್ಷರ ಅಲ್ಲ.
ಖಾಲಿ ಜಾಗ ಖಾಲಿ ಇರಂಗಿಲ್ಲವ್ವಾ.
ನೀ ತುಂಬದಿದ್ರ ಮತ್ತೊಬ್ಬ ತುಂಬ್ತಾನ.'
ಆ ಎರಡು ಕ್ವಿಂಟಲ್ ಯಾರು ಕಟ್ಟಿದರು?
ಕೇಳಲಿಲ್ಲ. ಗಿಂಡಿ ತೊಳೆದು ಕೊಟ್ಟೆ.

ಏಳು ಸಾವಿರದ ಹನ್ನೆರಡನೆಯ ಸುತ್ತು, ನಸುಕಿನ ಮೂರೂವರೆ.
ಈ ಸಲ ಡಿಸ್ಕನ್ನು ಸಣ್ಣ ತುಂಡು ಕೊಯ್ದಿದ್ದೆ,
ಒಂದೊಂದೂ ಸಾವಿರದ ಇಪ್ಪತ್ತನಾಲ್ಕು.
ಏಳುನೂರ ನಲವತ್ತೆಂಟು ಸೊನ್ನೆಗಳು ನೆಟ್ಟಗೆ ನಡೆದು
ತುಂಡಿನ ಅಂಚಿಗೆ ಬಂದು ನಿಂತಿವೆ,
ಪುಟ ಇನ್ನೂ ಅರ್ಧ ಇದೆಯೆಂಬುದು ಗೊತ್ತೇ ಇಲ್ಲದಂತೆ.
ಅದರಾಚೆ
ಎಕ್ಸ್.
ನಾನೇ ಎರಚಿದ ಕಸ, ಈಗ ಕಡತದ ಒಳಗೆ,
ಹಕ್ಕುಪತ್ರ ಹಿಡಿದು ಕೂತ ಹಾಗೆ.

ಸಿಕ್ಕಿತು ಎಂದು ಕೂಗಿದೆ. ಓಣಿಯ ನಾಯಿ ಬೊಗಳಿತು.
ತಪ್ಪು ಸಿಕ್ಕರೆ ಇಷ್ಟು ಹಿಗ್ಗುವ ಕಸುಬು ಇನ್ನೊಂದಿದೆಯೋ ಇಲ್ಲವೋ.
ಇದು ಕಸ, ಸರಿ.
ನಾಳೆ ಯಾರೋ ಅಳಿಸಿದ ಕಾಗದದ ಕೊನೆ ಸಾಲು,
ಯಾವಳದೋ ರಕ್ತಪರೀಕ್ಷೆಯ ಅಂಕಿ,
ಸಂಬಂಧವಿಲ್ಲದವರ ಕಡತದ ಬಾಲಕ್ಕೆ ಅಂಟಿ ಬಂದರೆ?

ತಿದ್ದುವುದು ಐದು ಸಾಲು.
ಸೊನ್ನೆ ತುಂಡಿನ ಅಂಚಿಗಲ್ಲ, ಪುಟದ ಅಂಚಿಗೆ ಹೋಗಲಿ, ಅಷ್ಟೇ.
ಮೂರನೆಯ ಸಾಲಿಗೆ ಕರೆಂಟು ಹೋಯಿತು.

ಟಾರ್ಚು ಹಲ್ಲಲ್ಲಿ ಕಚ್ಚಿ ವಹಿಯಲ್ಲಿ ಗುರುತು ಹಾಕಿಕೊಂಡೆ:
ಸುತ್ತು ೭೦೧೨. ೨೦೪೮ರಿಂದ ಆಚೆ.
ಕೆಳಗೆ ಅರ್ಧ ಹಾಳೆ ಉಳಿದಿತ್ತು.
ಓರೆ ಗೆರೆ ಎಳೆದೆ.
ಕೆಳಗಿನಿಂದ ಮುನೀಮರ ಕೆಮ್ಮು.
ಟವೆಲ್ಲು ಒಣಗಿತ್ತು.